ಟೀಚರ್ ಸಂಬಳ ಯಾರು ಕೊಡುತ್ತಾರೆ? ಶಾಲೆಗಳ ಹಣದ ಲೆಕ್ಕ

(ಸಂಘದ ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ತಿಂಗಳ ಸಭೆಯಲ್ಲಿ ನಮ್ಮ ಪಕ್ಕದ ಕನ್ನಡ ಶಾಲೆಗೆ ಈ ವರ್ಷ ಏನು ಕೊಡಬೇಕು ಎಂಬ ಮಾತು ಬಂತು. ಆಗ ಒಬ್ಬ ಹಿರಿಯರು, "ಅದು ಸರ್ಕಾರದ ಗ್ರಾಂಟ್ ಇರೋ ಶಾಲೆ ಅಲ್ವೇನ್ರೀ, ಮತ್ತೆ ನಾವ್ಯಾಕೆ ಚಂದಾ ಎತ್ತಬೇಕು?" ಎಂದು ಕೇಳಿದರು. ಪ್ರಶ್ನೆ ಚೆನ್ನಾಗಿತ್ತು. ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ನಾನು ಸಾಫ್ಟ್‌ವೇರ್ ಕೆಲಸದವಳು, ಲೆಕ್ಕ ನೋಡುವುದು ಅಭ್ಯಾಸ ಎಂದು ಕಾರ್ಯಾಧ್ಯಕ್ಷೆಯವರು ಈ ವಿಷಯವನ್ನು ನನ್ನ ತಲೆಗೆ ಕಟ್ಟಿದರು. ಒಂದು ತಿಂಗಳು ಕೂತು ಓದಿದ್ದೇನೆ, ಮುಖ್ಯೋಪಾಧ್ಯಾಯಿನಿಯವರ ಜೊತೆ ಎರಡು ಸಲ ಮಾತಾಡಿದ್ದೇನೆ. ನಾನು ಅರ್ಥಶಾಸ್ತ್ರ ಓದಿದವಳಲ್ಲ, ಆದ್ದರಿಂದ ಮನೆಯ ಖರ್ಚಿನ ಭಾಷೆಯಲ್ಲೇ ಹೇಳುತ್ತೇನೆ.

ಮೊದಲು, ಸರ್ಕಾರದ ದುಡ್ಡು ಅಂದರೆ ಯಾರ ದುಡ್ಡು? ನಿಮ್ಮ ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಒಮ್ಮೆ ನೋಡಿ. ಅದರಲ್ಲಿ ನೀರಿನ ತೆರಿಗೆ, ರಸ್ತೆ ತೆರಿಗೆ, ಮರಗಳ ಸೆಸ್ ಇವುಗಳ ಜೊತೆಗೆ ಶಿಕ್ಷಣದ ಹೆಸರಿನಲ್ಲಿ ಎರಡು ಸಾಲುಗಳಿರುತ್ತವೆ: ಒಂದು ಮಹಾನಗರಪಾಲಿಕೆಯ ಶಿಕ್ಷಣ ಸೆಸ್, ಇನ್ನೊಂದು ರಾಜ್ಯದ ಶಿಕ್ಷಣ ಸೆಸ್. ರಾಜ್ಯದ್ದು 1962ರ ಕಾನೂನಿನಿಂದ ಬಂದದ್ದು, ನಮ್ಮಲ್ಲಿ ಬಹಳ ಜನ ಹುಟ್ಟುವುದಕ್ಕೂ ಮೊದಲಿನದು. ಮುಂಬೈಯಲ್ಲಿ 500 ಚದರ ಅಡಿಯೊಳಗಿನ ಮನೆಗಳಿಗೆ 2022ರಿಂದ ಪ್ರಾಪರ್ಟಿ ಟ್ಯಾಕ್ಸ್ ಮಾಫಿ ಇದೆ, ಉಳಿದವರು ಮೇಂಟೆನೆನ್ಸ್ ಜೊತೆಗೆ ಇದನ್ನೂ ಕಟ್ಟುತ್ತಲೇ ಇದ್ದೇವೆ. ಆದಾಯ ತೆರಿಗೆಯ ಮೇಲೆ ಕೇಂದ್ರದ ಸೆಸ್ ಬೇರೆ. 2004ರಲ್ಲಿ ಅದು ಶೇ. 2 ಇತ್ತು, 2007ರಲ್ಲಿ ಇನ್ನೊಂದು ಶೇಕಡಾ ಸೇರಿತು, 2018ರಿಂದ ಆರೋಗ್ಯ ಮತ್ತು ಶಿಕ್ಷಣ ಎರಡೂ ಸೇರಿ ಶೇ. 4 ಆಗಿದೆ. ನಮ್ಮ ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳು ಕಡಿತವಾಗುವ ಟಿಡಿಎಸ್‌ನಲ್ಲೇ ಇದೂ ಇದೆ. ಸೆಸ್‌ನ ಒಂದು ಗುಣ ಏನೆಂದರೆ, ಉಳಿದ ತೆರಿಗೆಗಳಂತೆ ಕೇಂದ್ರ ಇದನ್ನು ರಾಜ್ಯಗಳ ಜೊತೆ ಪಾಲು ಮಾಡಿಕೊಳ್ಳಬೇಕಾಗಿಲ್ಲ. ಯೋಜನೆಗಳ ಮೂಲಕ, ತನ್ನ ಷರತ್ತುಗಳ ಮೇಲೆ ಕೊಡುತ್ತದೆ.

ಆ ಯೋಜನೆಗಳಲ್ಲಿ ದೊಡ್ಡದು ಸಮಗ್ರ ಶಿಕ್ಷಾ. 2018ರಲ್ಲಿ ಸರ್ವ ಶಿಕ್ಷಾ ಅಭಿಯಾನ, ಮಾಧ್ಯಮಿಕ ಶಿಕ್ಷಣದ ಯೋಜನೆ, ಶಿಕ್ಷಕರ ತರಬೇತಿ ಮೂರನ್ನೂ ಸೇರಿಸಿ ಮಾಡಿದ್ದು. ಮಹಾರಾಷ್ಟ್ರ, ಕರ್ನಾಟಕದಂಥ ರಾಜ್ಯಗಳಲ್ಲಿ 60 ರೂಪಾಯಿ ಕೇಂದ್ರದ್ದು, 40 ರೂಪಾಯಿ ರಾಜ್ಯದ್ದು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10. ಇಷ್ಟು ಕೇಳಿದರೆ ಶಾಲೆ ನಡೆಸುವುದು ಕೇಂದ್ರವೇ ಅನ್ನಿಸುತ್ತದೆ. ಹಾಗಲ್ಲ. ಈ 60:40 ಲೆಕ್ಕ ಯೋಜನೆಯ ಹಣಕ್ಕೆ ಮಾತ್ರ. ಶಾಲೆಯ ಖರ್ಚಿನ ಬಹುಪಾಲು ಶಿಕ್ಷಕರ ಸಂಬಳ, ಅದರಲ್ಲಿ ದೊಡ್ಡ ಪಾಲು ಹೊರುವುದು ರಾಜ್ಯ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಮಾವ ಸೀರೆ ತಂದುಕೊಟ್ಟರೂ ತಿಂಗಳ ದಿನಸಿ ನಾವೇ ತರುವ ಹಾಗೆ.

ಆದ್ದರಿಂದ ಯಾವ ಶಾಲೆ ಯಾವ ಜಾತಿಯದು ಎಂದು ತಿಳಿಯಲು ಬೋರ್ಡು ಓದಬೇಡಿ, ಟೀಚರ್ ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿ. ಆ ಒಂದು ಪ್ರಶ್ನೆಗೆ ಎಲ್ಲ ಬಿಚ್ಚಿಕೊಳ್ಳುತ್ತದೆ.

ಮುಂಬೈಯಲ್ಲಿ ಸರ್ಕಾರಿ ಶಾಲೆ ಅಂದರೆ ಹೆಚ್ಚಾಗಿ ಬಿಎಂಸಿ ಶಾಲೆ. ಬಿಎಂಸಿಗೆ ಶಿಕ್ಷಣಕ್ಕೆಂದೇ ಬೇರೆ ಬಜೆಟ್ ಇದೆ, ಅದನ್ನು ಬಜೆಟ್ 'ಇ' ಎನ್ನುತ್ತಾರೆ. ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಪಾಲಿಕೆ ಇದು: ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಮತ್ತೆ ನಮ್ಮ ಕನ್ನಡ. ಮಕ್ಕಳಿಗೆ ಬ್ಯಾಗು, ಶೂ, ರೇನ್‌ಕೋಟ್ ಎಲ್ಲ ಸೇರಿ 27 ಬಗೆಯ ಸಾಮಾನು ಉಚಿತ. ಇತ್ತೀಚೆಗೆ ಬೋರ್ಡುಗಳಲ್ಲಿ 'ಮುಂಬೈ ಪಬ್ಲಿಕ್ ಸ್ಕೂಲ್' ಎಂದು ಬರೆದಿರುವುದನ್ನು ನೋಡಿದ್ದೀರಿ. ಅದೂ ಇದೇ ಬಿಎಂಸಿ ಶಾಲೆ, ಖಾಸಗಿಯಲ್ಲ. ಮುಂಬೈಯಿಂದಾಚೆ ಹಳ್ಳಿಗಳಿಗೆ ಹೋದರೆ ಜಿಲ್ಲಾ ಪರಿಷತ್ ಶಾಲೆಗಳು. ಸಾಂಗ್ಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆ ಇವತ್ತಿಗೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅಂದರೆ ಮಹಾರಾಷ್ಟ್ರದ ತೆರಿಗೆ ಹಣದಲ್ಲಿ ಕನ್ನಡ ಕಲಿಸುವ ಶಾಲೆಗಳು. ಇದನ್ನು ಯಾರೂ ಉಪಕಾರಕ್ಕೆ ಮಾಡುತ್ತಿಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಎಂದು ಹೇಳುತ್ತದೆ. 30ನೇ ವಿಧಿಯು ಅನುದಾನ ಕೊಡುವಾಗ ಅಲ್ಪಸಂಖ್ಯಾತರ ಸಂಸ್ಥೆ ಎಂಬ ಕಾರಣಕ್ಕೆ ಭೇದ ಮಾಡುವಂತಿಲ್ಲ ಎನ್ನುತ್ತದೆ. ಕರ್ನಾಟಕದಲ್ಲಿ ನಾವು ಬಹುಸಂಖ್ಯಾತರು, ರೈಲು ಹತ್ತಿ ದಾದರಿನಲ್ಲಿ ಇಳಿದ ಕೂಡಲೇ ಅಲ್ಪಸಂಖ್ಯಾತರು. ಈ ಹಕ್ಕುಗಳು ನಮಗೆ ಇಲ್ಲಿ ಬಂದ ಮೇಲೆ ಸಿಕ್ಕವು.

ಎರಡನೆಯದು ಅನುದಾನಿತ ಶಾಲೆ. ಕಟ್ಟಿದ್ದು ಸಂಘ, ಟ್ರಸ್ಟ್ ಅಥವಾ ಮಠ. ಸಂಬಳ ಕೊಡುವುದು ಸರ್ಕಾರ. ಮುಂಬೈ ಕನ್ನಡಿಗರ ಹಳೆಯ ಶಾಲೆಗಳು ಬಹಳಷ್ಟು ಈ ಗುಂಪಿಗೆ ಸೇರಿದವು. ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಪುಸ್ತಕ ಹಿಡಿದ ಹುಡುಗರ ರಾತ್ರಿ ಶಾಲೆಗಳ ಕತೆ ಇಲ್ಲಿ ಕೂತ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ನೆಲ, ಗೋಡೆ, ಬೆಂಚು ಸಮಾಜದ್ದು, ಗುರುಗಳ ಸಂಬಳ ಸರ್ಕಾರದ್ದು ಎಂಬ ಒಪ್ಪಂದದ ಮೇಲೆಯೇ ಇಂಥ ಶಾಲೆಗಳು ದಶಕಗಟ್ಟಲೆ ನಡೆದವು.

ಮೂರನೆಯದು ಅನುದಾನರಹಿತ. ಇಲ್ಲಿ ಒಂದು ಸ್ವಾರಸ್ಯ ಇದೆ. ಹೊಸ ಶಾಲೆಗಳಿಗೆ ಅನುದಾನ ಕೊಡಲು ಆಗುವುದಿಲ್ಲ ಎಂದು ಮಹಾರಾಷ್ಟ್ರ ಸರ್ಕಾರ ಅನುಮತಿ ಪತ್ರದಲ್ಲೇ 'ಕಾಯಂ ವಿನಾಅನುದಾನಿತ' ಎಂದು ಬರೆದು ಕೊಡುತ್ತಿತ್ತು. 2009ರಲ್ಲಿ ಆ 'ಕಾಯಂ' ಎಂಬ ಪದ ತೆಗೆದರು. ಆಮೇಲೆ ಶೇ. 20, ಶೇ. 40, ಶೇ. 60 ಎಂದು ಮೆಟ್ಟಿಲು ಮೆಟ್ಟಿಲಾಗಿ ಅನುದಾನ. ಆಝಾದ್ ಮೈದಾನದಲ್ಲಿ ಮಳೆಯಲ್ಲಿ ಕೂತ ಶಿಕ್ಷಕರನ್ನು ಟಿವಿಯಲ್ಲಿ ನೋಡಿರುತ್ತೀರಿ, ಅವರ ಬೇಡಿಕೆ ಮುಂದಿನ ಮೆಟ್ಟಿಲು. ಶೇ. 20 ಅನುದಾನ ಎಂದರೆ ಸಂಬಳದ ಐದನೇ ಒಂದು ಪಾಲು ಮಾತ್ರ ಖಜಾನೆಯಿಂದ ಬರುತ್ತದೆ, ಉಳಿದದ್ದು ಸಂಸ್ಥೆಯ ಕೈಲಾದಷ್ಟು. ಕರ್ನಾಟಕದಲ್ಲೂ ಇದೇ ಹಾಡು, ಅಲ್ಲಿ ಗೆರೆ ಎಳೆದಿರುವುದು ಇಸವಿಯಿಂದ: 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಿಗೂ ಅನುದಾನ ಕೊಡಿ ಎಂಬ ಬೇಡಿಕೆಗೆ ಈಗ ಎಷ್ಟೋ ಮುಖ್ಯಮಂತ್ರಿಗಳ ವಯಸ್ಸಾಗಿದೆ.

ನನ್ನ ಅಮ್ಮ ಧಾರವಾಡ ಜಿಲ್ಲೆಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಹುದ್ದೆಗೆ ಅನುಮೋದನೆ ಬರುವವರೆಗೆ ಆರು ವರ್ಷ ಅವಳ ಸಂಬಳ ಆಡಳಿತ ಮಂಡಳಿ ಕೈಯೆತ್ತಿ ಕೊಟ್ಟಷ್ಟು. ದೀಪಾವಳಿಗೆ ಒಮ್ಮೆ, ಯುಗಾದಿಗೆ ಒಮ್ಮೆ. ಅನುಮೋದನೆ ಬಂದ ತಿಂಗಳು ಅವಳು ತಂದ ಮೊದಲ ಸಾಮಾನು ಗ್ಯಾಸ್ ಸ್ಟೋವ್. ಅದೇ ಶಾಲೆ, ಅದೇ ಪಾಠ, ಅದೇ ಮಕ್ಕಳು. ಬದಲಾದದ್ದು ಒಂದು ಆದೇಶದ ಹಾಳೆ. ಅನುದಾನ ಎಂಬ ಪದ ನನಗೆ ಗೊತ್ತಾದದ್ದು ಹೀಗೆ.

ನಾಲ್ಕನೆಯದು ಪೂರ್ತಿ ಖಾಸಗಿ. ಮಹಾರಾಷ್ಟ್ರದಲ್ಲಿ 2012ರ ಕಾನೂನಿನ ಪ್ರಕಾರ ಬಂದ ಸ್ವಯಂ ಅರ್ಥಸಹಾಯಿತ ಶಾಲೆಗಳು, ಅಂದರೆ 'ನಮ್ಮ ದುಡ್ಡಲ್ಲಿ ನಡೆಸುತ್ತೇವೆ, ಅನುದಾನ ಕೇಳುವುದಿಲ್ಲ' ಎಂದು ಬರೆದುಕೊಟ್ಟವು. ನಮ್ಮಲ್ಲಿ ಬಹುತೇಕರ ಮಕ್ಕಳು ಹೋಗುವುದು ಇಂಥ ಕಡೆಗೇ, ನನ್ನ ಮಗಳೂ ಅಲ್ಲೇ ಓದುತ್ತಾಳೆ. ಇವಕ್ಕೆ ಸರ್ಕಾರದ ಪೈಸೆಯೂ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ಟ್ರಸ್ಟ್‌ಗಳು ಆದಾಯವನ್ನು ಶಿಕ್ಷಣಕ್ಕೇ ಖರ್ಚು ಮಾಡಿದರೆ ಆದಾಯ ತೆರಿಗೆ ಇಲ್ಲ. ಎಷ್ಟೋ ಶಾಲೆಗಳ ಜಾಗ ರಿಯಾಯಿತಿ ದರದ್ದು, ನವಿ ಮುಂಬೈಯಲ್ಲಿ ಸಿಡ್ಕೋ ಹಾಗೆ ಕೊಟ್ಟ ಪ್ಲಾಟುಗಳಿವೆ. ನಾವು ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಇಬ್ಬರು ಮಕ್ಕಳ ಟ್ಯೂಷನ್ ಫೀಗೆ 80ಸಿ ಅಡಿಯಲ್ಲಿ, ಉಳಿದ ಉಳಿತಾಯಗಳನ್ನೂ ಸೇರಿಸಿ ಒಂದೂವರೆ ಲಕ್ಷದವರೆಗೆ ವಿನಾಯಿತಿ. ಸರ್ಕಾರ ಕೈಯಿಂದ ಕೊಡುವುದೂ ಒಂದೇ, ಬರಬೇಕಾದದ್ದನ್ನು ಬಿಡುವುದೂ ಒಂದೇ. ಖಜಾನೆಗೆ ಎರಡೂ ಖರ್ಚೇ.

ಫೀ ಎಷ್ಟು ಎಂದು ಯಾರು ನಿರ್ಧರಿಸುತ್ತಾರೆ? ಇದಕ್ಕೆ ದಾರಿ ಹಾಕಿದ ದೊಡ್ಡ ತೀರ್ಪು ನಮ್ಮ ಊರಿನ ಹೆಸರಿನದೇ, 2002ರ ಟಿಎಂಎ ಪೈ ಪ್ರತಿಷ್ಠಾನದ ಮೊಕದ್ದಮೆ. ಸರ್ಕಾರದ ಹಣ ಪಡೆಯದ ಸಂಸ್ಥೆ ತನ್ನ ಫೀ ತಾನೇ ಗೊತ್ತುಮಾಡಬಹುದು, ಆದರೆ ಲಾಭಕೋರತನ ಮಾಡುವಂತಿಲ್ಲ, ಕ್ಯಾಪಿಟೇಶನ್ ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಹಾರಾಷ್ಟ್ರದಲ್ಲಿ ಇದರ ಮೇಲೆ 2011ರ ಫೀ ನಿಯಂತ್ರಣ ಕಾನೂನು ಇದೆ. ಪಾಲಕ-ಶಿಕ್ಷಕ ಸಂಘ, ಅದರಿಂದ ಆರಿಸಿದ ಕಾರ್ಯಕಾರಿ ಸಮಿತಿ, ಅದರ ಒಪ್ಪಿಗೆ ಇಲ್ಲದೆ ಫೀ ಏರಿಸುವಂತಿಲ್ಲ. ನಮ್ಮಲ್ಲಿ ಎಷ್ಟು ಜನ ಆ ಸಮಿತಿಗೆ ಹೆಸರು ಕೊಟ್ಟಿದ್ದೇವೆ? ವಾಟ್ಸಾಪ್ ಗ್ರೂಪಿನಲ್ಲಿ ಫೀ ಜಾಸ್ತಿಯಾಯಿತು ಎಂದು ನೂರು ಮೆಸೇಜ್ ಬರುತ್ತವೆ, ಸಮಿತಿಯ ಸಭೆಯಲ್ಲಿ ಕುರ್ಚಿ ಖಾಲಿ. ಸರ್ಕಾರಿ ಶಾಲೆಗಳ ಆಡಳಿತ ಸಮಿತಿಯಲ್ಲಂತೂ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಲೇಬೇಕು ಎಂದು ಶಿಕ್ಷಣ ಹಕ್ಕು ಕಾನೂನಿನಲ್ಲೇ ಇದೆ. ಈ ಮಾತು ಬೇರೆ ದಿನಕ್ಕೆ ಇಟ್ಟುಕೊಳ್ಳೋಣ.

ಶಿಕ್ಷಣ ಹಕ್ಕು ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು 25 ಶೇಕಡಾ ಸೀಟು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಈ ಕಾನೂನಿನಲ್ಲಿ ಖಾಸಗಿ ಶಾಲೆಗಳು ಕಾಲು ಭಾಗ ಸೀಟನ್ನು ಬಡ, ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಕೋರ್ಟ್ ವಿನಾಯಿತಿ ಕೊಟ್ಟಿದೆ. ಆ ಮಕ್ಕಳ ಫೀಯನ್ನು ಸರ್ಕಾರ ಶಾಲೆಗೆ ಮರಳಿಸುತ್ತದೆ, ಆದರೆ ಪೂರ್ತಿ ಅಲ್ಲ: ಸರ್ಕಾರಿ ಶಾಲೆಯಲ್ಲಿ ಒಂದು ಮಗುವಿಗೆ ಆಗುವ ಖರ್ಚು ಅಥವಾ ಖಾಸಗಿ ಶಾಲೆಯ ಫೀ, ಎರಡರಲ್ಲಿ ಕಡಿಮೆ ಯಾವುದೋ ಅದು. ಮಹಾರಾಷ್ಟ್ರದಲ್ಲಿ ಇದು ವರ್ಷಕ್ಕೆ 17,670 ರೂಪಾಯಿ, ಕರ್ನಾಟಕದಲ್ಲಿ ಒಂದನೇ ತರಗತಿಗೆ 16,000, ಎಲ್‌ಕೆಜಿಗೆ 8,000 ಎಂದು ಇಟ್ಟಿದ್ದರು. ಅದೂ ಸಮಯಕ್ಕೆ ಬರುವುದಿಲ್ಲ ಎಂಬುದು ಶಾಲೆಗಳ ಹಳೆಯ ದೂರು. ಕರ್ನಾಟಕ ಸರ್ಕಾರ ಒಂದು ಹಂತದಲ್ಲಿ ಲೆಕ್ಕ ಹಾಕಿತು. ನಮ್ಮ ಶಾಲೆ ಪಕ್ಕದಲ್ಲೇ ಖಾಲಿ ಇರುವಾಗ ಖಾಸಗಿಯವರಿಗೆ ದುಡ್ಡು ಯಾಕೆ ಕಟ್ಟಬೇಕು ಎಂದು, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದು 2018ರ ಕೊನೆಗೆ ನಿಯಮ ಬದಲಿಸಿತು. 2019ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರವೂ 2024ರ ಫೆಬ್ರವರಿಯಲ್ಲಿ ಅದೇ ದಾರಿ ಹಿಡಿಯಿತು, ಇಲ್ಲಿ ಬಾಂಬೆ ಹೈಕೋರ್ಟ್ ಜುಲೈನಲ್ಲಿ ಅದನ್ನು ರದ್ದು ಮಾಡಿತು. ಒಂದೇ ನಿಯಮ, ಎರಡು ರಾಜ್ಯ, ಎರಡು ತೀರ್ಪು. ನನಗೆ ಬಾಂಬೆ ಹೈಕೋರ್ಟಿನದೇ ಸರಿ ಅನ್ನಿಸುತ್ತದೆ. ಮಕ್ಕಳಿಲ್ಲದ ಶಾಲೆ ತುಂಬಿಸುವುದಕ್ಕೆ ಬಡವರ ಮಕ್ಕಳ ಬಾಗಿಲು ಮುಚ್ಚುವುದು ನ್ಯಾಯವಲ್ಲ. ಇಲ್ಲಿ ಕೂತವರಲ್ಲಿ ಕೆಲವರು ಒಪ್ಪಲಿಕ್ಕಿಲ್ಲ, ಚಹಾ ಕುಡಿಯುವಾಗ ಜಗಳ ಆಡೋಣ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮ ಪಕ್ಕದ ಶಾಲೆ ಅನುದಾನಿತ. ಹಾಗಾದರೆ ಏನು ಬರುತ್ತದೆ, ಏನು ಬರುವುದಿಲ್ಲ?

ಬರುವುದು ಮುಖ್ಯವಾಗಿ ಮಂಜೂರಾದ ಹುದ್ದೆಗಳ ಸಂಬಳ, ಅದೂ ಶಾಲಾರ್ಥ ಎಂಬ ಪೋರ್ಟಲ್ ಮೂಲಕ ನೇರವಾಗಿ ಶಿಕ್ಷಕರ ಖಾತೆಗೆ. ಸಂಬಳದ ಒಂದು ಸಣ್ಣ ಶೇಕಡಾ ಲೆಕ್ಕದಲ್ಲಿ ವೇತನೇತರ ಅನುದಾನ. ಕರೆಂಟ್ ಬಿಲ್, ಸೀಮೆಸುಣ್ಣ, ಪೊರಕೆ, ರಿಪೇರಿ ಎಲ್ಲ ಅದರಲ್ಲೇ ಆಗಬೇಕು. ಸಮಗ್ರ ಶಿಕ್ಷಾದಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000, ಸಾವಿರ ದಾಟಿದರೆ ಒಂದು ಲಕ್ಷ ಎಂದು ಶಾಲಾ ಅನುದಾನ ಇದೆ, ಆದರೆ ಅದು ಸರ್ಕಾರಿ ಶಾಲೆಗಳಿಗೆ. ಬಿಸಿಯೂಟ ಮಾತ್ರ ಅನುದಾನಿತ ಶಾಲೆಗೂ ಉಂಟು. ಅಡುಗೆಮನೆ ನಡೆಸುವವರು ನಾವು, ಈ ಅಂಕಿ ಕೇಳಿ. 2025ರ ಮೇ ತಿಂಗಳಿಂದ ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಊಟದ ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸ್ ಎಲ್ಲ ಸೇರಿ 6 ರೂಪಾಯಿ 78 ಪೈಸೆ. ಆರರಿಂದ ಎಂಟಕ್ಕೆ 10 ರೂಪಾಯಿ 17 ಪೈಸೆ. ಅಕ್ಕಿ ಬೇರೆಯಾಗಿ ಬರುತ್ತದೆ. ಅಡುಗೆ ಮಾಡುವ ಹೆಂಗಸಿಗೆ ಕೇಂದ್ರದ ಲೆಕ್ಕದಲ್ಲಿ ಗೌರವಧನ ತಿಂಗಳಿಗೆ 1,000 ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು. ಇದು 2009ರಲ್ಲಿ ಗೊತ್ತುಮಾಡಿದ್ದು, ರಾಜ್ಯಗಳು ತಮ್ಮ ಕಡೆಯಿಂದ ಇಷ್ಟು ಸೇರಿಸುತ್ತವೆ. ನಮ್ಮ ಮನೆಯಲ್ಲಿ ಅಡುಗೆಗೆ ಬರುವವರಿಗೆ ಈ ಮಾತು ಹೇಳಿದರೆ ಮಾರನೇ ದಿನ ಬರುವುದಿಲ್ಲ.

ಇನ್ನು ಸಂಬಳದ ಹುದ್ದೆ ಎಷ್ಟು ಎಂಬುದು. ಇದೇ ಕೀಲಿಕೈ. ಹುದ್ದೆಗಳು ಶಾಲೆಗೆ ಶಾಶ್ವತವಲ್ಲ, ಪ್ರತಿ ವರ್ಷ ಮಕ್ಕಳ ತಲೆ ಎಣಿಸಿ ಮಂಜೂರು ಮಾಡುತ್ತಾರೆ. ಇಲ್ಲಿ ಅದಕ್ಕೆ 'ಸಂಚ ಮಾನ್ಯತಾ' ಎನ್ನುತ್ತಾರೆ. ಶಿಕ್ಷಣ ಹಕ್ಕು ಕಾನೂನಿನ ಪಟ್ಟಿಯಲ್ಲಿ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ರಾಜ್ಯದ ಆದೇಶಗಳು ಈ ಗೆರೆಗಳನ್ನು ಆಗಾಗ ಆಚೀಚೆ ಮಾಡುತ್ತವೆ, ಲೆಕ್ಕದ ರೀತಿ ಮಾತ್ರ ಇದೇ. ಅಂದರೆ 60 ಮತ್ತು 61ರ ನಡುವಿನ ಒಂದು ಮಗು ಒಬ್ಬ ಶಿಕ್ಷಕರ ಬೆಲೆ ಬಾಳುತ್ತದೆ. ಮಹಾರಾಷ್ಟ್ರದಲ್ಲಿ ಪ್ರಾಥಮಿಕ ಶಿಕ್ಷಕರ ಮೂಲ ವೇತನ 29,200ರಿಂದ ಶುರು, ತುಟ್ಟಿಭತ್ಯೆ, ಮನೆಬಾಡಿಗೆ ಸೇರಿದರೆ ವರ್ಷಕ್ಕೆ ಐದು ಲಕ್ಷ ದಾಟುತ್ತದೆ. ಮೊದಲ ಮೂರು ವರ್ಷ ಶಿಕ್ಷಣ ಸೇವಕ ಎಂದು ತಿಂಗಳಿಗೆ 16,000 ಕೊಡುತ್ತಾರೆ, ಅದು ಬೇರೆ ಮಾತು. ಮಕ್ಕಳು ಕಡಿಮೆಯಾದರೆ ಲೆಕ್ಕ ಉಲ್ಟಾ. ಒಬ್ಬ ಟೀಚರ್ 'ಸರ್‌ಪ್ಲಸ್' ಆಗಿ ಬೇರೆ ಶಾಲೆಗೆ ಹೋಗುತ್ತಾರೆ, ಉಳಿದ ಇಬ್ಬರು ಐದು ತರಗತಿ ನೋಡಿಕೊಳ್ಳಬೇಕು. ಇದನ್ನು ನೋಡಿದ ಪಾಲಕರು ಇನ್ನೂ ನಾಲ್ಕು ಮಕ್ಕಳನ್ನು ಬಿಡಿಸುತ್ತಾರೆ. ಕನ್ನಡ ಶಾಲೆಗೆ ಯಾರೂ ಬೀಗ ಹಾಕುವ ಆದೇಶ ತಂದು ಅಂಟಿಸುವುದಿಲ್ಲ. ಪ್ರತಿ ಜೂನ್‌ನಲ್ಲಿ ಐದಾರು ಮಕ್ಕಳು ಕಡಿಮೆಯಾಗುತ್ತಾ ಬಂದು ಒಂದು ದಿನ ಶಾಲೆ ತಾನಾಗಿಯೇ ಇರುವುದಿಲ್ಲ.

ನಮ್ಮ ಪಕ್ಕದ ಶಾಲೆಯಲ್ಲಿ ಈಗ ಒಂದರಿಂದ ಐದರವರೆಗೆ 54 ಮಕ್ಕಳು. ಅವರು ಯಾರ ಮಕ್ಕಳು ಎಂದು ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಹೋಟೆಲಿನವರು, ವಾಚ್‌ಮನ್‌ಗಳು, ನಮ್ಮ ಮನೆಗಳಿಗೆ ಪಾತ್ರೆ ತಿಕ್ಕಲು ಬರುವವರು. ನಾನು ಮಗಳನ್ನು ಅಲ್ಲಿ ಸೇರಿಸಿಲ್ಲ, ನನಗೇನು ಹಕ್ಕು ಇದನ್ನು ಮಾತಾಡಲು ಎಂದು ಯಾರಾದರೂ ಕೇಳಬಹುದು. ಮಾಧ್ಯಮ ಆರಿಸುವುದು ಪಾಲಕರ ಹಕ್ಕು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಮೊಕದ್ದಮೆಯಲ್ಲೇ ಹೇಳಿದೆ. ನನಗೆ ಆಯ್ಕೆ ಇತ್ತು, ಆರಿಸಿದೆ. ಆ 54 ಮಕ್ಕಳ ಅಮ್ಮಂದಿರಿಗೆ, ಮಗು ಮನೆಯಲ್ಲಿ ಆಡುವ ಮಾತನ್ನೇ ಟೀಚರೂ ಆಡುವ ಶಾಲೆ ಎಂಬ ಆಯ್ಕೆ ಉಳಿಯಬೇಕಾದರೆ ಆ ಶಾಲೆ ಇರಬೇಕಲ್ಲ.

ಮಕ್ಕಳು ಎಲ್ಲಿ ತಪ್ಪಿಹೋಗುತ್ತಾರೆ? ಇಂಗ್ಲಿಷ್ ಮೋಹ ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಅದು ಇದೆ. ಆದರೆ ಅದಕ್ಕಿಂತ ಮೊದಲು ಒಂದು ಹಣದ ತೂತು ಇದೆ. ಕಾನೂನಿನ ಹಕ್ಕು 6 ವರ್ಷದಿಂದ 14ರವರೆಗೆ. ಅನುದಾನ ಶುರುವಾಗುವುದು ಒಂದನೇ ತರಗತಿಯಿಂದ. ಬಾಲವಾಡಿಗೆ, ಕೆಜಿಗೆ ಅನುದಾನಿತ ಶಾಲೆಯಲ್ಲಿ ಸರ್ಕಾರದ ಸಂಬಳ ಇಲ್ಲ. 2020ರ ಶಿಕ್ಷಣ ನೀತಿ ಮೂರು ವರ್ಷದಿಂದಲೇ ಕಲಿಕೆ ಎಂದು ಹೇಳಿದೆ, ಸರ್ಕಾರಿ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕಕ್ಕೆ ಸಮಗ್ರ ಶಿಕ್ಷಾದ ಹಣವೂ ಇದೆ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ ತೆರೆದರು, ಬಿಎಂಸಿಯೂ ಬಾಲವಾಡಿ ನಡೆಸುತ್ತದೆ. ನಡುವೆ ಉಳಿದದ್ದು ನಮ್ಮಂಥ ಅನುದಾನಿತ ಶಾಲೆ. ಹೀಗಾಗಿ ಕೂಲಿಗೆ ಹೋಗುವ ತಾಯಿ ಮೂರು ವರ್ಷದ ಮಗುವನ್ನು ಎಲ್ಲಿ ಬಿಡುತ್ತಾಳೆ? ಗಲ್ಲಿಯ ಮೂಲೆಯ ಇಂಗ್ಲಿಷ್ ನರ್ಸರಿಯಲ್ಲಿ, ತಿಂಗಳಿಗೆ ಏಳೆಂಟು ನೂರು ಕೊಟ್ಟು. ಮೂರು ವರ್ಷ ಅಲ್ಲಿ ಎ ಫಾರ್ ಆಪಲ್ ಓದಿದ ಮಗು ಆರನೇ ವಯಸ್ಸಿಗೆ ಕನ್ನಡ ಶಾಲೆಗೆ ಬರುವುದಿಲ್ಲ. ಈ ಜೂನ್‌ನಲ್ಲಿ ಇಲ್ಲಿ ಒಂದನೇ ತರಗತಿಗೆ ಬಂದವರು ಒಂಬತ್ತು ಮಕ್ಕಳು.

ಹಾಗಾದರೆ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಸರ್ಕಾರ ಕೊಡುವುದಕ್ಕೇ ನಾವು ಕೊಡುವುದು ಬೇಡ. ನೋಟ್‌ಬುಕ್, ಬಹುಮಾನ, ಮೊಮೆಂಟೋ, ಶಾಲು, ಊಟ ಎಲ್ಲ ಸೇರಿ ಕಳೆದ ವರ್ಷ ನಾವು ಖರ್ಚು ಮಾಡಿದ್ದು 92,000. ಫೋಟೋ ಚೆನ್ನಾಗಿ ಬಂದವು. ನೋಟ್‌ಬುಕ್ಕನ್ನು ಇನ್ನೂ ಮೂರು ಸಂಸ್ಥೆಗಳು ಕೊಡುತ್ತವಂತೆ, ಮುಖ್ಯೋಪಾಧ್ಯಾಯಿನಿಯವರು ಸಂಕೋಚದಿಂದ ಹೇಳಿದರು. ಸರ್ಕಾರ ಕೊಡದ, ಯಾರೂ ಕೊಡದ ಜಾಗದಲ್ಲಿ ನಮ್ಮ ದುಡ್ಡು ಹೋಗಲಿ: ಅದೇ ಶಾಲೆಯಲ್ಲಿ ಖಾಲಿ ಇರುವ ಒಂದು ಕೋಣೆಯಲ್ಲಿ ಕನ್ನಡ ಬಾಲವಾಡಿ. ಜೊತೆಗೆ ಸ್ವಲ್ಪ ಇಂಗ್ಲಿಷ್ ಹಾಡು, ಆಟ, ಅಕ್ಷರ. ಅದಿಲ್ಲದೆ ತಾಯಂದಿರು ಬರುವುದಿಲ್ಲ, ಅವರನ್ನು ದೂರುವುದೂ ಬೇಡ.

ಲೆಕ್ಕ ಹೇಳುತ್ತೇನೆ. ಒಬ್ಬ ಟೀಚರ್‌ಗೆ ತಿಂಗಳಿಗೆ 15,000, ಆಯಾಗೆ 8,000. ವರ್ಷಕ್ಕೆ 2,76,000. ನಮ್ಮ ಸಂಘದಲ್ಲಿ 120 ಕುಟುಂಬಗಳು ತಿಂಗಳಿಗೆ 200 ರೂಪಾಯಿ ಕೊಟ್ಟರೆ ವರ್ಷಕ್ಕೆ 2,88,000. ಒಂದು ಪಿಜ್ಜಾದ ಬೆಲೆಗಿಂತ ಕಡಿಮೆ. ನಮ್ಮ ಖಜಾಂಚಿ ಅಣ್ಣನವರು ಕೇಳಿದರು, ಒಂದು ವರ್ಷ ಕೊಟ್ಟು ಎರಡನೇ ವರ್ಷ ಉತ್ಸಾಹ ಇಳಿದರೆ ಏನು ಮಾಡುವುದು ಎಂದು. ಸರಿಯಾದ ಭಯ. ಅದಕ್ಕೆ ಮೂರು ವರ್ಷದ ಹಣಕ್ಕೆ ಮಾತು ಸಿಗುವವರೆಗೆ ಟೀಚರ್‌ಗೆ ನೇಮಕದ ಪತ್ರ ಕೊಡುವುದು ಬೇಡ. ಸಂಬಳಕ್ಕೆ ಕಾಯುವ ಟೀಚರ್ ಮನೆಯಲ್ಲಿ ನಾನು ಬೆಳೆದಿದ್ದೇನೆ, ಇನ್ನೊಬ್ಬಳನ್ನು ಆ ಸ್ಥಿತಿಗೆ ತರುವ ಯೋಜನೆಗೆ ನಾನು ಸಹಿ ಹಾಕುವುದಿಲ್ಲ.

ಬೇರೆ ಹಣದ ದಾರಿಗಳೂ ಇವೆ. 2013ರ ಕಂಪನಿ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಿಎಸ್‌ಆರ್‌ಗೆ ಕೊಡಬೇಕು, ಶಿಕ್ಷಣ ಆ ಪಟ್ಟಿಯಲ್ಲಿದೆ. ನಮ್ಮಲ್ಲಿ ಹತ್ತಾರು ಜನ ಇಂಥ ಕಂಪನಿಗಳಲ್ಲಿದ್ದೇವೆ. ಆದರೆ ಹಣ ಪಡೆಯುವ ಸಂಸ್ಥೆಗೆ 12ಎ, 80ಜಿ ನೋಂದಣಿ, 2021ರಿಂದ ಸಿಎಸ್‌ಆರ್-1 ನೋಂದಣಿ ಇರಬೇಕು. ನಮ್ಮ ಸಂಘಕ್ಕೆ ಮೊದಲ ಎರಡು ಇವೆ, ಮೂರನೆಯದು ಇಲ್ಲ. ಗಡಿನಾಡು ಮತ್ತು ಹೊರನಾಡಿನ ಕನ್ನಡಕ್ಕಾಗಿ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ, ಅಲ್ಲಿಗೂ ಒಂದು ಅರ್ಜಿ ಹಾಕಬಹುದು. ಪೂರ್ವ ಪ್ರಾಥಮಿಕಕ್ಕೂ ಅನುದಾನ ಕೊಡಿ ಎಂದು ಮಹಾರಾಷ್ಟ್ರ ಸರ್ಕಾರಕ್ಕೆ ಎಲ್ಲ ಭಾಷೆಯ ಅನುದಾನಿತ ಶಾಲೆಗಳ ಜೊತೆ ಸೇರಿ ಕೇಳಬೇಕು. ಇದು ಮರಾಠಿ ಶಾಲೆಗಳದೂ ಕಷ್ಟ, ನಾವು ಒಬ್ಬರೇ ಅಲ್ಲ.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ಈಗ ಹುದ್ದೆ ಲೆಕ್ಕಕ್ಕೆ ಆಧಾರ್ ಹೊಂದಿಕೆಯಾದ ಮಕ್ಕಳನ್ನು ಮಾತ್ರ ಎಣಿಸುತ್ತಾರೆ. ಶಾಲೆಯ ದಾಖಲೆಯಲ್ಲಿ ಒಂದು ಸ್ಪೆಲ್ಲಿಂಗ್, ಆಧಾರ್‌ನಲ್ಲಿ ಇನ್ನೊಂದು. ಊರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ಹುಟ್ಟಿದ ದಿನ ಎಲ್ಲರಿಗೂ ಜನವರಿ 1. ಮಗು ದಿನಾ ಬೆಂಚಿನ ಮೇಲೆ ಕೂತಿರುತ್ತದೆ, ಪೋರ್ಟಲ್‌ನಲ್ಲಿ ಇರುವುದಿಲ್ಲ. ಆ 54ರಲ್ಲಿ ಏಳು ಮಕ್ಕಳದ್ದು ಹೀಗೆ ಸಿಕ್ಕಿಕೊಂಡಿದೆ. ಸಾಫ್ಟ್‌ವೇರಿನವಳಾಗಿ ನನಗೆ ಇದು ನಾಚಿಕೆಯ ವಿಷಯ. ಸೆಪ್ಟೆಂಬರ್ 30ರ ಎಣಿಕೆಗೆ ಮೊದಲು ಇದನ್ನು ಸರಿಮಾಡಬೇಕು. ಎರಡು ಶನಿವಾರ, ಎರಡು ಲ್ಯಾಪ್‌ಟಾಪ್, ತಾಯಂದಿರ ಜೊತೆ ಕನ್ನಡದಲ್ಲಿ ಮಾತಾಡಿ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗುವ ನಾಲ್ಕು ಜನ. ನಾನು ಒಬ್ಬಳು ಆಯಿತು, ಇನ್ನು ಮೂವರು ಬೇಕು.

ಬಾಲವಾಡಿಯ ಖರ್ಚಿನ ಹಾಳೆ ಬಾಗಿಲ ಹತ್ತಿರದ ಮೇಜಿನ ಮೇಲಿದೆ. 200 ರೂಪಾಯಿಯ ಪಟ್ಟಿಯಲ್ಲಿ ಈಗ 31 ಹೆಸರುಗಳಿವೆ. ಮುಂದಿನ ತಿಂಗಳ ಎರಡನೇ ಭಾನುವಾರ ಮುಖ್ಯೋಪಾಧ್ಯಾಯಿನಿಯವರು ಇಲ್ಲಿಗೆ ಬರಲು ಒಪ್ಪಿದ್ದಾರೆ. ನನ್ನ ಲೆಕ್ಕದಲ್ಲಿ ಎಲ್ಲಿ ಎಡವಟ್ಟು ಕಾಣುತ್ತದೋ ಅವರನ್ನೇ ಕೇಳಿ.